ಬಾಯಿಗೂ ಫಿಸಿಯೋಥೆರಪಿಯಾ ಅಂತ ಕೇಳಿದ ಚಿಕ್ಕಪ್ಪನಿಗೆ, ನೋವಿರುವ ಚಿಕ್ಕಮ್ಮನಿಗೆ

ಚಿಕ್ಕಮ್ಮಾ, ಮನೆಯವರ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ನೋಡಿದೆ. ಬಲಗಿವಿಯ ಮುಂದೆ ನೋವು, ಆಕಳಿಸಿದರೆ ಲಟಕ್ ಅನ್ನುತ್ತದೆ, ಬೆಳಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆ ಅಂದಿದ್ದೀರಿ. ಕಿವಿ ಡಾಕ್ಟರು ಕಿವಿ ಚೆನ್ನಾಗಿದೆ ಅಂದರು. ಹಲ್ಲಿನ ಡಾಕ್ಟರು ಹಲ್ಲಲ್ಲೂ ಏನಿಲ್ಲ, ಫಿಸಿಯೋ ಹತ್ತಿರ ಹೋಗಿ ಅಂದರು. ಅದಕ್ಕೆ ಚಿಕ್ಕಪ್ಪ "ಮಂಡಿಗೆ ಫಿಸಿಯೋ ಸರಿ, ಬಾಯಿಗೆ ಎಂಥದ್ದು" ಅಂತ ನಗುವ ಇಮೋಜಿ ಹಾಕಿದ್ದಾರೆ. ಚಿಕ್ಕಪ್ಪಾ, ನಾನು ಹೊಟ್ಟೆಪಾಡಿಗೆ ಮಾಡುವುದೇ ಈ ಕೆಲಸ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೈಯಬೇಡಿ.

ದವಡೆಯಲ್ಲಿರುವುದೂ ಕೀಲೇ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಒಳಗೆ ಗುಂಡಗಿನ ಎಲುಬು ಸರಿದಾಡುವುದು ಗೊತ್ತಾಗುತ್ತದೆ. ಮೊದಲು ಅದು ಇದ್ದಲ್ಲೇ ತಿರುಗುತ್ತದೆ, ಬಾಯಿ ಇನ್ನೂ ಅಗಲವಾದಾಗ ಮುಂದಕ್ಕೆ ಜಾರುತ್ತದೆ. ನಡುವೆ ಸಣ್ಣ ಡಿಸ್ಕ್ ಇದೆ, ಎಲುಬುಗಳ ಮಧ್ಯದ ಮೆತ್ತೆ ಇದ್ದ ಹಾಗೆ. ಅದು ಜಾಗ ತಪ್ಪಿದ್ದು ಮತ್ತೆ ಕೂತುಕೊಳ್ಳುವಾಗ ಸಾಮಾನ್ಯವಾಗಿ ಈ ಲಟಕ್ ಕೇಳುತ್ತದೆ. ಬರೀ ಶಬ್ದ ಇದ್ದು, ನೋವಿಲ್ಲದೆ ಬಾಯಿ ಸಲೀಸಾಗಿ ತೆರೆದರೆ ಅದಕ್ಕೆ ಚಿಕಿತ್ಸೆಯೇ ಬೇಡ. ಎಷ್ಟೋ ಜನರಿಗೆ ಇರುತ್ತದೆ. ಆದ್ದರಿಂದ ಶಬ್ದದ ಚಿಂತೆ ಬಿಡಿ, ನೋವು ಮತ್ತು ಬಿಗಿತದ ಕಡೆ ನೋಡೋಣ.

ಈ ನೋವು ಹೆಚ್ಚಿನವರಿಗೆ ಬರುವುದು ಅಗಿಯುವ ಸ್ನಾಯುಗಳಿಂದ. ಹಲ್ಲು ಕಚ್ಚಿ, ಕೆನ್ನೆ ಮುಟ್ಟಿ ನೋಡಿ, ಗಟ್ಟಿಯಾಗಿ ಉಬ್ಬುತ್ತದಲ್ವಾ? ಅದು ಒಂದು. ಇನ್ನೊಂದು ಹಣೆಯ ಪಕ್ಕದಲ್ಲಿದೆ. ಹಾಗಾಗಿಯೇ ದವಡೆ ನೋವಿನವರಿಗೆ ತಲೆನೋವೂ ಜೊತೆಗೆ ಬರುತ್ತದೆ. ರಾತ್ರಿ ಹಲ್ಲು ಕಡಿಯುವುದು ಎಲ್ಲರಿಗೂ ಗೊತ್ತು. ಆದರೆ ಹಗಲಲ್ಲಿ ಫೋನ್ ನೋಡುವಾಗ, ಕೋಪ ಬಂದಾಗ, ಲೆಕ್ಕ ಬರೆಯುವಾಗ ಹಲ್ಲು ಕಚ್ಚಿಕೊಂಡಿರುವುದು ಯಾರಿಗೂ ಗೊತ್ತೇ ಆಗುವುದಿಲ್ಲ. ದಿನವಿಡೀ ತುದಿಗಾಲಲ್ಲಿ ನಿಂತರೆ ಮೀನಖಂಡ ನೋಯುವುದಿಲ್ವಾ, ಇದೂ ಹಾಗೇ.

ಊಟ ಮಾಡುವಾಗ, ಉಗುಳು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಬಾರದು ಚಿಕ್ಕಮ್ಮಾ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ. "ನ" ಅಂದಾಗ ನಾಲಿಗೆ ಹೆಚ್ಚು ಕಡಿಮೆ ಎಲ್ಲಿ ನಿಲ್ಲುತ್ತದೋ ಅಲ್ಲಿ. ಯಾವ ವ್ಯಾಯಾಮಕ್ಕಿಂತಲೂ ಮೊದಲು ಇದು. ಫೋನ್ ಎತ್ತಿದಾಗಲೆಲ್ಲ ಒಮ್ಮೆ ಗಮನಿಸಿ, ಹಲ್ಲು ತಾಗಿದೆಯಾ ಅಂತ. ತಾಗಿದ್ದರೆ ಬಿಡಿ, ಅಷ್ಟೇ. ನೀವು ದಿನಕ್ಕೆ ಫೋನ್ ಎತ್ತುವ ಲೆಕ್ಕ ನೋಡಿದರೆ ಅಭ್ಯಾಸಕ್ಕೇನೂ ಕೊರತೆಯಾಗದು.

ಫಿಸಿಯೋ ಏನು ಮಾಡುತ್ತಾರೆ ಅಂದರೆ, ಮೊದಲು ಬಾಯಿ ಎಷ್ಟು ತೆರೆಯುತ್ತದೆ ಅಂತ ಸ್ಕೇಲ್ ಇಟ್ಟು ಅಳೆಯುತ್ತಾರೆ. ದೊಡ್ಡವರಲ್ಲಿ 40 ಮಿಲಿಮೀಟರ್ ದಾಟಿದರೆ ಸಾಮಾನ್ಯವಾಗಿ ಸರಿ. 35ಕ್ಕಿಂತ ಕಡಿಮೆಯಾದರೆ ಬಿಗಿತ ಇದೆ ಅಂತ ಲೆಕ್ಕ. ತೆರೆಯುವಾಗ ಗದ್ದ ಒಂದು ಪಕ್ಕಕ್ಕೆ ಎಳೆಯುತ್ತದಾ, ಯಾವ ಸ್ನಾಯು ಒತ್ತಿದರೆ ನಿಮ್ಮ ಅದೇ ನೋವು ಏಳುತ್ತದೆ, ಎಲ್ಲ ನೋಡುತ್ತಾರೆ. ಕುತ್ತಿಗೆಯನ್ನೂ ನೋಡುತ್ತಾರೆ, ಆಗ "ಕುತ್ತಿಗೆಗೇನಾಗಿದೆ" ಅನ್ನಬೇಡಿ. ಕುತ್ತಿಗೆಯ ಮೇಲ್ಭಾಗದ ನರಗಳೂ ಮುಖದ ನರಗಳೂ ಮಿದುಳಿನ ಬುಡದ ಹತ್ತಿರ ಒಂದೇ ಕಡೆ ಸೇರುವುದರಿಂದ, ಒಂದರ ನೋವು ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಕೆನ್ನೆಯ ಗಂಟುಗಳನ್ನು ಬೆರಳಿಂದ ಒತ್ತಿ ಸಡಿಲ ಮಾಡುತ್ತಾರೆ. ಕೆಲವೊಮ್ಮೆ ಗ್ಲೌಸ್ ಹಾಕಿಕೊಂಡು ಬಾಯಿಯ ಒಳಗಿನಿಂದಲೂ ಒತ್ತುತ್ತಾರೆ. ಮೊದಲೇ ಹೇಳಿದ್ದೇನೆ, ಗಾಬರಿಯಾಗಬೇಡಿ.

ಮನೆಯಲ್ಲಿ ಮಾಡುವುದಕ್ಕೆ ಬಹಳ ಸುಲಭದ್ದು ಒಂದಿದೆ. ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿಕೊಂಡೇ ನಿಧಾನವಾಗಿ ಬಾಯಿ ತೆರೆಯಿರಿ, ನಾಲಿಗೆ ಬಿಡುವ ಮುಂಚೆ ನಿಲ್ಲಿಸಿ. ಹೀಗೆ ಮಾಡಿದರೆ ಕೀಲು ಜಾರದೆ ಬರೀ ತಿರುಗುತ್ತದೆ, ನೋವೂ ಕಡಿಮೆ. ಚಿಲಿ ದೇಶದ ಮರಿಯಾನೊ ರೊಕಬಾಡೊ ಅನ್ನುವ ಫಿಸಿಯೋ ಇಂಥ ಆರು ವ್ಯಾಯಾಮ ಹೇಳಿದ್ದಾರೆ. ಒಂದೊಂದು ಆರು ಸಲ, ದಿನಕ್ಕೆ ಆರು ಹೊತ್ತು. ಅದರಲ್ಲಿ ನಿಮಗೆ ಯಾವುದು ಅಂತ ನೋಡಿದವರೇ ಹೇಳಲಿ. ಒತ್ತಡ ಹಗುರವಾಗಿರಬೇಕು. ಭಾವ ಹೇಳಿದ ಹಾಗೆ ದವಡೆ ಹಿಡಿದು ನೆಟಿಗೆ ಮುರಿಯುವುದು ಮಾತ್ರ ಬೇಡವೇ ಬೇಡ. ಭಾವಾ, ಕ್ಷಮಿಸಿ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹದಿನೈದು ನಿಮಿಷ ಕೆನ್ನೆಗಿಡಿ. ಸ್ವಲ್ಪ ದಿನ ಮೆತ್ತಗಿನ ಊಟ, ಚೂಯಿಂಗ್ ಗಮ್ ಬಂದ್. ಆಕಳಿಕೆ ಬಂದರೆ ಗದ್ದಕ್ಕೆ ಕೆಳಗಿನಿಂದ ಕೈ ಕೊಡಿ.

ನೈಟ್ ಗಾರ್ಡ್, ಅಂದರೆ ರಾತ್ರಿ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಹಾಕಿಸಲಾ ಅಂತ ಕೇಳಿದ್ದಿರಿ. ಹಲ್ಲು ಸವೆಯದಂತೆ ಅದು ಕಾಪಾಡುತ್ತದೆ, ನಿಜ. ಆದರೆ ಬಹುದಿನದ ದವಡೆ ನೋವಿನ ಬಗ್ಗೆ 2023ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ಮೊದಲ ಸಾಲಿನಲ್ಲಿ ಇಟ್ಟದ್ದು ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ಮನಸ್ಸಿನ ಒತ್ತಡ ಇಳಿಸುವ ತರಬೇತಿ, ಮನೆಯಲ್ಲಿ ಮಾಡಿಕೊಳ್ಳುವ ಆರೈಕೆ, ಇಂಥವನ್ನೇ. ನನ್ನ ಅಭಿಪ್ರಾಯ ಕೇಳಿದರೆ, ಹಲ್ಲು ತೇದು ಮಟ್ಟ ಮಾಡಿ ನೋವು ವಾಸಿ ಮಾಡುತ್ತೇವೆ ಅಂತ ಯಾರಾದರೂ ಅಂದರೆ ಸದ್ಯಕ್ಕೆ ಎದ್ದು ಬನ್ನಿ. ತೇದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಇನ್ನು ಎಲ್ಲರೂ ಕೇಳಿಸಿಕೊಳ್ಳಿ. ದವಡೆ ನೋವಿನ ಜೊತೆ ಎದೆ ಹಿಡಿದಂತಾಗುವುದು, ಬೆವರು, ಉಸಿರಾಟಕ್ಕೆ ಕಷ್ಟ ಇದ್ದರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆ. ಐವತ್ತು ದಾಟಿದವರಿಗೆ ಅಗಿಯುತ್ತಾ ಅಗಿಯುತ್ತಾ ದವಡೆ ಸೋತು, ಹಣೆಯ ಪಕ್ಕ ಹೊಸದಾಗಿ ನೋವು, ಕಣ್ಣು ಮಂಜಾದರೆ ಅದೇ ದಿನ ಡಾಕ್ಟರ್ ನೋಡಬೇಕು, ದೃಷ್ಟಿಯೇ ಹೋಗಬಹುದು. ಜ್ವರ, ಊತ, ಪೆಟ್ಟು, ಮುಖ ಮರಗಟ್ಟುವುದು, ಬಾಯಿ ತೆರೆದದ್ದು ಮುಚ್ಚಲಾಗದೆ ನಿಲ್ಲುವುದು, ಇವಕ್ಕೂ ವ್ಯಾಯಾಮ ಮಾಡುತ್ತಾ ಕೂರಬಾರದು.

ಚಿಕ್ಕಮ್ಮಾ, ಈಗ ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಬಾಯಲ್ಲಿ ಇಟ್ಟು ನೋಡಿ. ಮೂರೂ ಹೋಗುತ್ತವಾ, ಎರಡೇನಾ, ಗದ್ದ ಬಲಕ್ಕೆ ಎಳೆಯುತ್ತದಾ, ಇಲ್ಲೇ ಹಾಕಿ. ಒತ್ತಿ ತೂರಿಸಬೇಡಿ ಮತ್ತೆ.