ಪದಚರ್ಚೆ: ಬಡಗಿಯ ‘ಮರವಜ್ರ’, ಚಿತ್ರಗಾರರ ‘ಮಕ್ಕಿ ಸಫೇದಾ’ – ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮರದ ಹಲಗೆ ನಾನೇ ತಯಾರು ಮಾಡಿಕೊಂಡು ಅದರ ಮೇಲೆ ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಮನೆಯ ಹಿಂದಿನ ಕೋಣೆಯಲ್ಲೇ ಎರಡೂ ಕೆಲಸ. ಒಂದು ಗೋಡೆಯ ಪಕ್ಕ ಗರಗಸ, ಉಳಿ, ಹಲಗೆ ನಯ ಮಾಡುವ ತೋಪಡ. ಕಿಟಕಿಯ ಪಕ್ಕ ಬಣ್ಣ, ಕುಂಚ. ಕಲಿಯಲು ಬರುವವರಿಗೆ ಕೊಡೋಣ ಅಂತ ಕೆಲಸದ ಕ್ರಮವನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಹಲಗೆ, ಬಣ್ಣದ ಮಾತೆಲ್ಲ ಸಲೀಸಾಗಿ ಸಾಗಿತು. ಅಂಟಿನ ವಿಷಯಕ್ಕೆ ಬಂದಾಗ ಪದಗಳ ಮೇಲೆ ಪದ ಎದ್ದವು. ಬೇರೆ ಬೇರೆ ಊರಿನವರು ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಕರಕುಶಲ ಕೆಲಸದ ಬಗ್ಗೆ ಈಗ ಕನ್ನಡದಲ್ಲಿ ಬರುವ ಬರಹಗಳಲ್ಲಿ ಅಂಟುವುದೆಲ್ಲಾ ‘ಅಂಟು’ ಅಥವಾ ‘ಗೋಂದು’. ಆದರೆ ಕೆಲಸ ಮಾಡುವವರ ಬಾಯಲ್ಲಿ ಹಾಗಿಲ್ಲ. ಮರದಿಂದ ಸೋರಿ ಗಟ್ಟಿಯಾಗುವುದು ಗೋಂದು. ಹಲಸಿನ ಕಾಯಿ ಕೊಯ್ದಾಗ ಕೈಗೆ ಹತ್ತುವುದು ಮೇಣ, ಜೇನುಗೂಡಿನದ್ದೂ ಮೇಣವೇ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕಾಯಿಸಿದರೆ ಅದು ಸರಿ. ಮಗುವಿಗೆ ತಿನ್ನಿಸುವ ರಾಗಿ ಸರಿಯ ‘ಸರಿ’ಯೇ ಇದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹತ್ತಿಸುವುದು ಅರಗು. ತೊಗಲು, ಮೂಳೆ ಬೇಯಿಸಿ ತೆಗೆದದ್ದು ವಜ್ರ ಅಥವಾ ಮರವಜ್ರ.

ಸುಮ್ನೆ ಹೆಸರು ಬೇರೆ ಅಷ್ಟೇ ಅಲ್ಲ. ಗೋಂದು ಅಂದ ಕೂಡಲೇ ತಣ್ಣೀರಲ್ಲಿ ನೆನೆಸಬೇಕು ಅಂತ ಗೊತ್ತಾಗುತ್ತದೆ. ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಅರಗಿಗೆ ನೀರು ಬೇಡ, ಕಾವು ಬೇಕು. ಚನ್ನಪಟ್ಟಣದಲ್ಲಿ ಚರಕಿಗೆ (ಮರವನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ) ಸಿಕ್ಕಿಸಿದ ಹಾಲೆಮರದ ತುಂಡು ಗಿರಗಿರ ತಿರುಗುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತುತ್ತದೆ. ಸರಿ ಒಂದೆರಡು ದಿನದಲ್ಲಿ ಹಳಸುತ್ತದೆ. ಹುಳು ಬೀಳದಿರಲಿ ಅಂತ ಪುಸ್ತಕದ ರಟ್ಟು ಕಟ್ಟುವವರು ತಮ್ಮ ಸರಿಗೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ವಜ್ರಕ್ಕೆ ನೀರೂ ಬೇಕು, ಕಾವೂ ಬೇಕು. ಇಷ್ಟನ್ನೂ ಹೆಸರೇ ಹೇಳುತ್ತಿರುವಾಗ ಎಲ್ಲದಕ್ಕೂ ‘ಅಂಟು’ ಅಂತ ಬರೆದರೆ ಕಲಿಯುವವರಿಗೆ ನಷ್ಟ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇವುಗಳಲ್ಲಿ ನನ್ನ ಮುಖ್ಯ ಪ್ರಶ್ನೆ ಇರುವುದು ಮರವಜ್ರದ ಬಗ್ಗೆ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದು ಜೇನಿನ ಬಣ್ಣದ ಹರಳು ಅಥವಾ ಗಟ್ಟಿ ಬಿಲ್ಲೆಯ ರೂಪದಲ್ಲಿ ಸಿಗುತ್ತದೆ. ರಾತ್ರಿ ತಣ್ಣೀರಲ್ಲಿ ಹಾಕಿಟ್ಟರೆ ಬೆಳಗ್ಗೆ ಊದಿಕೊಂಡು ಮೆತ್ತಗಾಗಿರುತ್ತದೆ. ಅದನ್ನು ನೇರವಾಗಿ ಒಲೆಗೆ ಇಡಬಾರದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಸಣ್ಣ ಪಾತ್ರೆ ಇಟ್ಟು ಕರಗಿಸಬೇಕು. ಸುಮಾರು 60 ಡಿಗ್ರಿ ಕಾವು ಸಾಕು. ಕುದಿ ಬಂದರೆ ಹಿಡಿತ ಹೋಗುತ್ತದೆ, ಕೋಣೆಯೆಲ್ಲಾ ತೊಗಲಿನ ವಾಸನೆ. ಸರಿಯಾಗಿ ಕರಗಿದ್ದು ಕಡ್ಡಿ ಎತ್ತಿದರೆ ಕಡಿಯದೆ ನೂಲಿನಂತೆ ಇಳಿಯುತ್ತದೆ. ಬೆರಳಿಗೆ ಹಚ್ಚಿಕೊಂಡು ಹೆಬ್ಬೆರಳಿಂದ ಒತ್ತಿ ಬಿಡಿಸಿದರೆ, ತಣ್ಣಗಾಗುತ್ತಿದ್ದಂತೆ ಎಳೆ ಎಳೆಯಾಗಿ ಹಿಡಿಯುತ್ತದೆ. ಹಲಗೆಗೆ ಹಚ್ಚಿ ಜೋಡಿಸಲು ಸಮಯ ಬಹಳ ಕಡಿಮೆ. ಆರಿದ ಮೇಲೆ ಕಲ್ಲಿನ ಹಾಗೆ. ಆದರೂ ಮುಂದೆ ಯಾವತ್ತಾದರೂ ಜೋಡಣೆ ಬಿಚ್ಚಬೇಕಾದರೆ ಬಿಸಿ ಮತ್ತು ತೇವ ಕೊಟ್ಟು, ಮರಕ್ಕೆ ಪೆಟ್ಟಾಗದಂತೆ ಬಿಚ್ಚಬಹುದು. ಹಳೆಯ ಚಿತ್ರದ ಚೌಕಟ್ಟು ರಿಪೇರಿ ಮಾಡುವವರು, ಪಿಟೀಲು ಮಾಡುವವರು ಇವತ್ತಿಗೂ ಇದನ್ನು ಬಿಡದಿರಲು ಇದೇ ಕಾರಣ. 1959ರಲ್ಲಿ ಫೆವಿಕಾಲ್ ಮಾರುಕಟ್ಟೆಗೆ ಬಂತು. ಕಾಯಿಸುವ ರಗಳೆಯಿಲ್ಲ, ವಾಸನೆಯಿಲ್ಲ. ಬಡಗಿಗಳು ಒಬ್ಬೊಬ್ಬರಾಗಿ ಅತ್ತ ಹೋದರು. ಅದರ ಜೊತೆಗೇ ‘ವಜ್ರ’ ಅನ್ನುವ ಮಾತೂ ಬಾಯಿಂದ ಜಾರುತ್ತಾ ಬಂತು.

ಅಂಟಿಗೆ ವಜ್ರದ ಹೆಸರು ಯಾಕೆ? ಆರಿದ ಮೇಲೆ ವಜ್ರದಷ್ಟು ಗಟ್ಟಿ ಅನ್ನುವುದು ಮೇಲ್ನೋಟದ ಉತ್ತರ. ಗಟ್ಟಿ ಸುಣ್ಣದ ಗಾರೆಗೆ ನಮ್ಮಲ್ಲಿ ‘ವಜ್ರಗಾರೆ’ ಅನ್ನುವುದೂ ಇದೇ ಜಾಡಿನಲ್ಲಿ. ಆದರೆ ಹಿಂದೆ ಹೋದರೆ ‘ವಜ್ರಲೇಪ’ ಅನ್ನುವ ಪದವೇ ಸಿಗುತ್ತದೆ, ಅದಕ್ಕೆ ದೊಡ್ಡ ಕಥೆಯಿದೆ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆ ಒಂದು ಅಧ್ಯಾಯವೇ ಇದೆ. ಅಲ್ಲಿನ ಮೊದಲ ಪಾಕದಲ್ಲಿ ಇರುವುದು ಬೇಲದ ಕಾಯಿ, ಬೂರುಗದ ಹೂವು ಮುಂತಾದ ಗಿಡಮರದ ಸಾಮಾನು. ಕೋಡು, ತೊಗಲು ಹಾಕುವ ಪಾಕ ಆಮೇಲೆ ಬರುತ್ತದೆ. ನಮ್ಮ ನೆಲಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. 12ನೇ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ ಚಿತ್ರ ಬರೆಯುವ ಬಗ್ಗೆ ಒಂದು ಭಾಗವಿದೆ. ಅಲ್ಲಿ ವಜ್ರಲೇಪ ಅಂದರೆ ಎಮ್ಮೆಯ ತೊಗಲು. ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ, ಬಿಸಿಲಲ್ಲಿ ಒಣಗಿಸಿಡಬೇಕು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ ಬಿಳಿ ಮಣ್ಣಿನ ಜೊತೆ ಕಲಸಿ ಗೋಡೆಗೆ ಹಚ್ಚಬೇಕು, ಆಮೇಲೆ ಚಿತ್ರ.

ಅಂದರೆ ಹೆಸರು ಅದೇ, ಪಾಕ ಬೇರೆ. ಬಡಗಿಯ ಮರವಜ್ರ ಸೋಮೇಶ್ವರನ ಪಾಕದ ಕಡೆಯದ್ದು. ಚಿತ್ರ ಬರೆಯುವವನ ಗೋಡೆ ಮತ್ತು ಬಡಗಿಯ ಹಲಗೆ ಎರಡನ್ನೂ ಹಿಡಿದಿಟ್ಟದ್ದು ಒಂದೇ ಸಾಮಾನು, ಒಂದೇ ಹೆಸರು. ನನ್ನಂತೆ ಎರಡೂ ಕೆಲಸ ಒಂದೇ ಕೋಣೆಯಲ್ಲಿ ಮಾಡುವವರಿಗೆ ಇದು ಎಷ್ಟು ಖುಷಿ ಕೊಡುತ್ತದೆ ಅಂತ ಹೇಳಬೇಕಾಗಿಲ್ಲ.

ಈಗ ಪ್ರಶ್ನೆ. ನಿಮ್ಮ ಊರಿನ ಹಿರಿಯ ಬಡಗಿಗಳು ಇದಕ್ಕೆ ಏನನ್ನುತ್ತಾರೆ? ‘ವಜ್ರ’ ಅಷ್ಟೇನಾ, ‘ಮರವಜ್ರ’ನಾ, ‘ವಜ್ರದಂಟು’ ಅಂತನಾ? ಮರಾಠಿಯಲ್ಲಿ ಇದಕ್ಕೆ ‘ಸರಸ’ ಅನ್ನುತ್ತಾರೆ, ಹಿಂದಿಯಲ್ಲಿ ‘ಸರೇಸ್’. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡದಲ್ಲೂ ಅದೇ ಓಡಾಡುತ್ತದಾ? ತೆಲುಗು, ತಮಿಳಿನವರೂ ಇದಕ್ಕೆ ವಜ್ರದ ಹೆಸರನ್ನೇ ಇಟ್ಟಿದ್ದಾರೆ. ಹಾಗಾಗಿ ಕೋಲಾರ, ಬಳ್ಳಾರಿ ಕಡೆಯವರ ಉತ್ತರವೂ ಬೇಕು.

ಎರಡನೆಯದು ‘ಮಕ್ಕಿ ಸಫೇದಾ’. ಮೈಸೂರು ಚಿತ್ರದಲ್ಲಿ ಒಡವೆ, ಸೀರೆಯ ಅಂಚು, ಕಂಬ, ಕಮಾನು ಇವೆಲ್ಲ ಸ್ವಲ್ಪ ಉಬ್ಬಿಕೊಂಡಿರುತ್ತವೆ, ಅದರ ಮೇಲೆ ಚಿನ್ನದ ಹಾಳೆ ಕೂತಿರುತ್ತದೆ. ಆ ಉಬ್ಬಿಗೆ ಹಾಕುವ ಲೇಪದ ಹೆಸರು ಇದು. ತಂಜಾವೂರಿನ ಉಬ್ಬು ದಪ್ಪ, ದೂರದಿಂದಲೇ ಕಾಣುತ್ತದೆ. ಮೈಸೂರಿನದ್ದು ತೆಳು, ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಪೂರ್ತಿ ಗೊತ್ತಾಗುತ್ತದೆ. ಕುಂಚದ ತುದಿಯಲ್ಲಿ ಲೇಪವನ್ನು ತೊಟ್ಟು ತೊಟ್ಟಾಗಿ ಇಡುತ್ತಾ, ಗೆರೆಯಾಗಿ ಎಳೆಯುತ್ತಾ ಹೋಗುತ್ತಾರೆ.

ಸಫೇದಾ ಪಾರಸಿಯಿಂದ ಬಂದ ಮಾತು, ಬಿಳಿ ಅಂತ ಅರ್ಥ. ಹಳಬರು ಬಳಸುತ್ತಿದ್ದದ್ದು ಸೀಸದ ಬಿಳಿ. ಅದು ವಿಷ. ಮನೆಯಲ್ಲಿ ಕೆಲಸ ಮಾಡುವವರು, ಅದರಲ್ಲೂ ಮಕ್ಕಳಿರುವ ಮನೆಯವರು ಸತುವಿನ ಬಿಳಿ, ಅಂದರೆ ಜಿಂಕ್ ಆಕ್ಸೈಡ್ ಬಳಸಬೇಕು. ಈಗ ಹೆಚ್ಚಿನವರು ಅದನ್ನೇ ಬಳಸುವುದು. ಹೆಸರು ಮಾತ್ರ ಸಫೇದಾ ಅಂತಲೇ ಉಳಿದಿದೆ.

ಇನ್ನು ‘ಮಕ್ಕಿ’. ಮಲೆನಾಡಿನವರಿಗೆ ಮಕ್ಕಿ ಅಂದರೆ ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ‘ಮಕ್ಕಿಕಾಮಕ್ಕಿ’ ನಕಲು ನೆನಪಾದೀತು, ಅದು ಹಿಂದಿಯ ನೊಣ. ಚಿತ್ರಗಾರರ ಮಕ್ಕಿ ಇವೆರಡೂ ಅಲ್ಲ. ಇದು ಮುರುಗಲು, ಉಪ್ಪಾಗೆ ಜಾತಿಗೇ ಸೇರಿದ ಒಂದು ಮರದ ಹಳದಿ ಹಾಲು. ತಮಿಳಿನಲ್ಲೂ ಇದಕ್ಕೆ ಮಕ್ಕಿ ಅನ್ನುವ ಹೆಸರಿದೆ. ಒಣಗಿದಾಗ ಮಾಸಲು ಕಿತ್ತಳೆ ಬಣ್ಣದ ಗಟ್ಟಿ. ಒದ್ದೆ ಬೆರಳಲ್ಲಿ ಉಜ್ಜಿದರೆ ತಟ್ಟನೆ ಹೊಳೆಯುವ ಹಳದಿ! ಇದರಲ್ಲೇ ಗೋಂದಿನ ಅಂಶ ಇರುವುದರಿಂದ ಬಣ್ಣವೂ ಆಯಿತು, ಹಿಡಿತವೂ ಆಯಿತು. ಬಿಳಿಗೆ ಇದನ್ನು ಸೇರಿಸಿದರೆ ಲೇಪ ಹಳದಿಯಾಗುತ್ತದೆ. ಮೇಲಿನ ಚಿನ್ನದ ಹಾಳೆ ಎಲ್ಲಾದರೂ ಕೂದಲಷ್ಟು ಸೀಳಿದರೂ ಕೆಳಗಿಂದ ಬಿಳಿ ಇಣುಕುವುದಿಲ್ಲ. ಬಾಯಿಗೆ ಮಾತ್ರ ಹೋಗಬಾರದು, ಜೋರು ಭೇದಿ ಹತ್ತುತ್ತದೆ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇರುವವರು ಗಮನಿಸಿ.

ಇದೇ ಸಾಮಾನಿಗೆ ಮೈಸೂರಿನಲ್ಲಿ ‘ರೇವಲ್ಚಿನ್ನಿ ಹಾಲು’ ಅನ್ನುವ ಹೆಸರೂ ಇದೆ. ಇಲ್ಲೇ ಗಂಟು. ಪಾರಸಿಯ ‘ರೇವಂದ್ ಚೀನಿ’ ಅಂದರೆ ಚೀನಾದಿಂದ ಬರುತ್ತಿದ್ದ ಒಂದು ಔಷಧಿಯ ಬೇರು, ಮರದ ಹಾಲೇ ಅಲ್ಲ. ಯುನಾನಿ ವೈದ್ಯರು ನಮ್ಮ ಈ ಹಳದಿ ಹಾಲಿಗೆ ‘ಉಸಾರಾ ರೇವಂದ್’, ಅಂದರೆ ರೇವಂದದ ರಸ ಅಂತ ಹೆಸರಿಟ್ಟರು. ಎರಡೂ ಹಳದಿ, ಎರಡೂ ಭೇದಿಯ ಮದ್ದು, ಹೆಸರು ಬೆರೆತುಹೋಯಿತು. ನಮ್ಮ ‘ರೇವಲ್ಚಿನ್ನಿ ಹಾಲು’ ಆ ದಾರಿಯಿಂದಲೇ ಬಂದದ್ದು ಅನ್ನಿಸುತ್ತದೆ. ಹಾಗಾಗಿ ಗ್ರಂದಿಗೆ ಅಂಗಡಿಯಲ್ಲಿ ಬರೀ ‘ರೇವಲ್ಚಿನ್ನಿ’ ಅಂತ ಕೇಳಿದರೆ ಬೇರು ಕೊಡುತ್ತಾರೆ. ‘ಹಾಲು’ ಅನ್ನುವುದನ್ನು ಬಿಡಬಾರದು.

ಇದರ ಜೊತೆಗೆ ಇನ್ನೊಂದು ಹೆಸರು ತಳಕು ಹಾಕಿಕೊಂಡಿದೆ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಜಾತಿಯ ಮರಕ್ಕೆ ಗಿಡಮರಗಳ ಪಟ್ಟಿಗಳಲ್ಲಿ ‘ಅರದಾಳ’ ಅಂತಲೂ ಬರೆದಿರುತ್ತಾರೆ. ಆದರೆ ಅರದಾಳ, ಹರಿತಾಳ ಅಂದರೆ ಹಳದಿ ಕಲ್ಲು, ಪಾಷಾಣ. ಮಾನಸೋಲ್ಲಾಸದಲ್ಲಿ ಹಳದಿಗೆ ಹೇಳಿರುವುದು ಆ ಕಲ್ಲನ್ನೇ. ಹಳೆಯ ಕೈಬರಹಗಳಲ್ಲಿ ‘ಅರದಾಳ ಅರೆದು’ ಅಂತ ಕಂಡರೆ ಕಲ್ಲೋ ಹಾಲೋ ಅಂತ ಸಂದರ್ಭ ನೋಡಿಯೇ ತೀರ್ಮಾನಿಸಬೇಕು. ಶಿರಸಿ, ಸಾಗರ, ಶೃಂಗೇರಿ ಕಡೆಯವರೇ, ನಿಮ್ಮ ಕಾಡಿನ ಆ ಮರಕ್ಕೆ ಮನೆಮಾತಿನಲ್ಲಿ ಏನು ಹೆಸರು? ಅದರ ಹಾಲನ್ನು ಬಣ್ಣಕ್ಕೆ ಬಳಸುವುದನ್ನು ಮನೆಯ ಹಿರಿಯರು ಹೇಳಿದ್ದಾರಾ?

ಈಗ ಮೈಸೂರಿನಲ್ಲೂ ಹೊಸಬರು ಮಕ್ಕಿ ಸಫೇದಾ ಅನ್ನುವುದು ಕಡಿಮೆ, ‘ಜೆಸ್ಸೋ ಕೆಲಸ’ ಅನ್ನುತ್ತಾರೆ. ಪರಭಾಷೆಯ ಪದ ಅಂತ ನನಗೆ ತಕರಾರಿಲ್ಲ, ಸಫೇದಾ ಕೂಡ ಹೊರಗಿನದ್ದೇ ಅಲ್ವಾ? ತೊಂದರೆ ಬೇರೆ. ಅಂಗಡಿಯಲ್ಲಿ ಜೆಸ್ಸೋ ಅಂತ ಕೇಳಿದರೆ ಸಿಗುವುದು ಕ್ಯಾನ್ವಾಸಿಗೆ ಮೊದಲು ಬಳಿಯುವ ಅಕ್ರಿಲಿಕ್ ಬಿಳಿ. ಅದು ತೆಳ್ಳಗೆ ಹರಡಲಿ ಅಂತಲೇ ಮಾಡಿದ್ದು, ಉಬ್ಬು ಗೆರೆ ಎಳೆಯಲು ಅಲ್ಲ. ಕಲಿಯುವವರು ಆ ಡಬ್ಬಿ ತಂದು, ಸರದ ಮಣಿ ಇಡಲು ಹೋಗಿ, ಮಣಿಗಳೆಲ್ಲ ಹರಡಿ ಚಪ್ಪಟೆಯಾಗುತ್ತವೆ. ಹಾಗಾಗಿ ನನ್ನ ಬರಹದಲ್ಲಿ ಡಬ್ಬಿಯದ್ದಕ್ಕೆ ಜೆಸ್ಸೋ, ಉಬ್ಬಿನದ್ದಕ್ಕೆ ಮಕ್ಕಿ ಸಫೇದಾ ಅಂತ ಖಚಿತವಾಗಿ ಬೇರೆ ಬೇರೆ ಇಟ್ಟಿದ್ದೇನೆ. ‘ಉಬ್ಬುಲೇಪನ’, ‘ಉನ್ನತಲೇಪ’ ಅಂತ ಹೊಸದಾಗಿ ಕಟ್ಟುವುದಕ್ಕೆ ಮನಸ್ಸು ಒಪ್ಪಲಿಲ್ಲ. ಕೆಲಸದವರ ಬಾಯಲ್ಲಿ ಇನ್ನೂ ಜೀವಂತ ಇರುವ ಪದ ಕೈಗೆ ಸಿಗುವಾಗ ಅದನ್ನು ಬಿಟ್ಟು ಬೇರೆ ಕಟ್ಟುವುದು ಯಾಕೆ? ಒಪ್ಪದವರು ಇದ್ದರೆ ದಯವಿಟ್ಟು ವಾದ ಮಾಡಿ.

ಕೊಪ್ಪಳದ ಹತ್ತಿರದ ಕಿನ್ನಾಳದ ಮಾತನ್ನೂ ಸೇರಿಸುತ್ತೇನೆ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ದೇವರು, ಬೊಂಬೆ ಕೆತ್ತಿ ಬಣ್ಣ ಹಾಕುತ್ತಾರೆ. ಗೋಣಿಚೀಲದ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆಬೀಜದ ಸರಿಯಲ್ಲಿ ಕಲಸಿದ ಹಿಟ್ಟಿಗೆ ಅಲ್ಲಿ ‘ಕಿಟ್ಟ’ ಅಂತ ಹೆಸರು. ನನಗೆ ಗೊತ್ತಿದ್ದ ಕಿಟ್ಟ ಅಂದರೆ ಕಬ್ಬಿಣ ಕಾಯಿಸಿದಾಗ ಉಳಿಯುವ ಕಸ, ಎಣ್ಣೆಯ ತಳದಲ್ಲಿ ನಿಲ್ಲುವ ಗಸಿ. ಬೇಡವಾಗಿ ಉಳಿದದ್ದು ಅನ್ನುವ ಅರ್ಥದಿಂದ, ಹಳೆ ಗೋಣಿಯ ಪುಡಿಯ ಮೂಲಕ, ಈ ಹಿಟ್ಟಿಗೆ ಹೆಸರು ಬಂದಿರಬಹುದು ಅನ್ನುವುದು ನನ್ನ ಊಹೆ. ಕೊಪ್ಪಳ, ಗಂಗಾವತಿ ಕಡೆಯವರು ಬೇರೆ ಯಾವುದಾದರೂ ಮೆತ್ತನೆಯ ಕಲಸಿದ ಹಿಟ್ಟಿಗೆ ಕಿಟ್ಟ ಅನ್ನುತ್ತೀರಾ? ಅನ್ನುವುದಾದರೆ ನನ್ನ ಊಹೆ ಬಿದ್ದುಹೋಗುತ್ತದೆ, ಅದೂ ಒಳ್ಳೆಯದೇ.

ಉಪಕರಣಗಳ ವಿಷಯ ಬೇರೆಯಾಗಿ ಚರ್ಚಿಸೋಣ. ಹಲಗೆ ನಯ ಮಾಡುವುದಕ್ಕೆ ನಮ್ಮಲ್ಲಿ ತೋಪಡ, ಉತ್ತರದಲ್ಲಿ ರಂದ, ನಿಘಂಟಿನಲ್ಲಿ ಕೀಸುಳಿ, ಹತ್ತರಿ ಎಲ್ಲಾ ಇವೆ. ನನ್ನ ಬರಹದಲ್ಲಿ ತೋಪಡ ಇಟ್ಟು ರಂದವನ್ನು ಪಕ್ಕದಲ್ಲಿ ಹೇಳಿದ್ದೇನೆ, ಅಷ್ಟು ಸಾಕು ಅನ್ನಿಸಿತು.

ಕಡೆಯದಾಗಿ ಒಂದು ಸಣ್ಣ ಪದ ಬೇಕಾಗಿದೆ. ಕರಗಿಸಿದ ಮರವಜ್ರ ತಣ್ಣಗಾಗುತ್ತಾ ನೀರೂ ಅಲ್ಲದ, ಗಟ್ಟಿಯೂ ಅಲ್ಲದ ಸ್ಥಿತಿಗೆ ಬರುತ್ತದೆ. ಅಷ್ಟರೊಳಗೆ ಹಲಗೆ ಜೋಡಿಸಿ ಬಿಗಿದಿರಬೇಕು. ‘ಹೆಪ್ಪುಗಟ್ಟಿತು’ ಅಂದರೆ ಮೊಸರು ಕಣ್ಣಮುಂದೆ ಬರುತ್ತದೆ, ‘ಜೆಲ್ ಆಯಿತು’ ಅಂತ ಬರೆಯಲು ಇಷ್ಟವಿಲ್ಲ. ಮನೆಯಲ್ಲಿ ಅಜ್ಜ, ಅಪ್ಪ, ಮಾವ ಯಾರಾದರೂ ಬಡಗಿ ಕೆಲಸ ಮಾಡಿದವರಿದ್ದರೆ, ಆ ಹೊತ್ತಿನಲ್ಲಿ ಅವರು ಏನಂತ ಕೂಗಿ ಹೇಳುತ್ತಿದ್ದರು ಅಂತ ಕೇಳಿ ಬರೆಯಿರಿ. ಯಾವ ಊರು ಅನ್ನುವುದನ್ನೂ ಸೇರಿಸಿ.