ಅತ್ತೆ ಹಾಕಿದ ಜರ್ಮನಿ ಪೋಸ್ಟರ್

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಯಾರ ಹೆಸರನ್ನೂ ಹಾಕಿಲ್ಲ, ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆ ಬಿಟ್ಟಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಅರಸೀಕೆರೆ ಅತ್ತೆ (ಫಾರ್ವರ್ಡ್): ಜರ್ಮನಿಗೆ ಹೋಗಿ! ಆಪರ್ಚುನಿಟಿ ಕಾರ್ಡ್, ಗ್ಯಾರಂಟಿ ಕೆಲಸ. ಜರ್ಮನ್ ಭಾಷೆ ಬೇಡ. ಅನುಭವ ಬೇಡ. ತಿಂಗಳಿಗೆ 2.8 ಲಕ್ಷ ಸಂಬಳ. ಖರ್ಚು 3.5 ಲಕ್ಷ ಮಾತ್ರ. ಈ ವಾರ ಬುಕ್ ಮಾಡಿದವರಿಗೆ 50 ಸಾವಿರ ರಿಯಾಯಿತಿ!!

ಅರಸೀಕೆರೆ ಅತ್ತೆ: ನಮ್ಮ ಹುಡುಗನಿಗೆ ಸರಿ ಹೋಗುತ್ತದೆ ಅಲ್ವಾ? ಪೀಣ್ಯದಲ್ಲಿ ನೈಟ್ ಶಿಫ್ಟ್ ಮಾಡಿ ಮಾಡಿ ಸೊರಗಿ ಹೋಗಿದ್ದಾನೆ. ಸ್ಟುಟ್‌ಗಾರ್ಟ್ ಪುಟ್ಟಿ, ನೋಡಿ ಹೇಳು.

ಸಕಲೇಶಪುರ ದೊಡ್ಡಪ್ಪ: ಎಲ್ಲರೂ ಹೊರಟರೆ ಇಲ್ಲಿ ಉಳಿಯುವವರು ಯಾರು? ಕಾಫಿ ಕೊಯ್ಯಲು ಅಸ್ಸಾಮಿನಿಂದ ಹುಡುಗರು ಬರಬೇಕು. ನಮ್ಮ ಹುಡುಗರು ಜರ್ಮನಿಗೆ ಹೋಗಬೇಕು. ಚೆನ್ನಾಗಿದೆ.

(ಸ್ಟುಟ್‌ಗಾರ್ಟ್‌ನಲ್ಲಿ ಇರುವುದು ದೊಡ್ಡಪ್ಪನ ಮಗಳೇ. ಯಾರೂ ನೆನಪಿಸಲಿಲ್ಲ.)

ಬೇಲೂರು ಚಿಕ್ಕಪ್ಪ: ಅಸ್ಸಾಂ ಹುಡುಗರಿಗೆ ಲೈನ್ ಮನೆಯಲ್ಲಿ ಕರೆಂಟ್ ಸರಿ ಇದೆಯಾ ಅಣ್ಣ? ಅದನ್ನು ಮೊದಲು ನೋಡಿ.

ಸಕಲೇಶಪುರ ದೊಡ್ಡಪ್ಪ: ವಿಷಯ ಅದಲ್ಲ.

ನಾನು: ಅತ್ತೆ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿದೆ. ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಲ್ಲಿ ನೋಂದಣಿ ಮಾಡಿಸಿರಬೇಕು. ಈ ಪೋಸ್ಟರ್‌ನವರು ಆ ಪಟ್ಟಿಯಲ್ಲಿ ಇಲ್ಲ. ನೋಂದಣಿ ಇದ್ದವರೂ ಸೇವಾ ಶುಲ್ಕ ಅಂತ 30 ಸಾವಿರ ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಇಷ್ಟೇ ತೆಗೆದುಕೊಳ್ಳಬೇಕು. ಇವರು ಕೇಳುತ್ತಿರುವುದು ಮೂರೂವರೆ ಲಕ್ಷ!

ಅರಸೀಕೆರೆ ಅತ್ತೆ: ಹಾಸನದಲ್ಲೇ ಆಫೀಸು ಇದೆಯಂತೆ. ಬಸ್ ಸ್ಟ್ಯಾಂಡ್ ಹತ್ತಿರ. ಓಡಿ ಹೋಗುತ್ತಾರಾ?

ಬೇಲೂರು ಚಿಕ್ಕಪ್ಪ: ನಮ್ಮ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನ ಕೂದಲಿನ ಎಣ್ಣೆ ಹಿಡಿದು ಆಫ್ರಿಕಾವರೆಗೂ ಹೋಗಿ ಬರುತ್ತಾರೆ. ಯಾವ ಕೋರ್ಸ್ ಮಾಡಿದ್ದಾರೆ? ಧೈರ್ಯ ಬೇಕು ಅಷ್ಟೇ. ನೀವೆಲ್ಲ ಓದಿದವರು ಸುಮ್ನೆ ಹೆದರಿಸುತ್ತೀರಿ.

ನಾನು: ಅವರು ಹೋಗುವುದು ಮೊದಲೇ ಹೋಗಿ ಬಂದ ತಮ್ಮವರ ಜೊತೆ, ಚಿಕ್ಕಪ್ಪ. ಪೋಸ್ಟರ್ ನೋಡಿಕೊಂಡು ಅಲ್ಲ. ಹಾಗಿದ್ದೂ 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ಸರ್ಕಾರ ಆಪರೇಷನ್ ಕಾವೇರಿ ಅಂತ ಕಾರ್ಯಾಚರಣೆ ಮಾಡಿ ಕರೆತರಬೇಕಾಯಿತು. ಧೈರ್ಯ ಇದ್ದವರ ಪಾಡೇ ಹಾಗೆ. ಇನ್ನು ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ನಂಬಿ ಹೋದವರನ್ನು ಮ್ಯಾನ್ಮಾರ್‌ಗೆ ಸಾಗಿಸಿ ಸೈಬರ್ ವಂಚನೆ ಮಾಡಿಸಿದ್ದು ಮರೆತುಹೋಯಿತಾ? 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನ ಕಳಿಸಿ ಕರೆತಂದರು.

ಸ್ಟುಟ್‌ಗಾರ್ಟ್ ಅಕ್ಕ: ಈಗ ಡ್ಯೂಟಿ ಮುಗಿಯಿತು. ಅತ್ತೆ, ಪೋಸ್ಟರ್ ಓದಿದೆ. ಆ ಕಾರ್ಡ್ ನಿಜ. 2024ರ ಜೂನ್ 1ರಿಂದ ಇದೆ. ಆದರೆ ಅದು ಕೆಲಸ ಹುಡುಕಲು ಕೊಡುವ ಕಾರ್ಡ್, ಕೆಲಸ ಅಲ್ಲ. ಇಲ್ಲಿಗೆ ಬಂದು ಹೆಚ್ಚೆಂದರೆ ಒಂದು ವರ್ಷ ಹುಡುಕಬಹುದು. ಅಷ್ಟರವರೆಗೆ ವಾರಕ್ಕೆ 20 ಗಂಟೆಯ ಪಾರ್ಟ್ ಟೈಮ್ ಅಷ್ಟೇ. ಹೊರಡುವ ಮೊದಲೇ ದುಡ್ಡು ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ. ವರ್ಷಕ್ಕೆ ನಮ್ಮ ದುಡ್ಡಿನಲ್ಲಿ 13 ಲಕ್ಷದ ಹತ್ತಿರ. ಪೋಸ್ಟರ್‌ನಲ್ಲಿ ಇದು ಇಲ್ಲವೇ ಇಲ್ಲ.

ಸ್ಟುಟ್‌ಗಾರ್ಟ್ ಅಕ್ಕ: ಆಮೇಲೆ ಕಾರ್ಡ್ ಸಿಗಲು ವಯಸ್ಸು, ಅನುಭವ, ಭಾಷೆ ಅಂತೆಲ್ಲ ಲೆಕ್ಕ ಹಾಕಿ 6 ಪಾಯಿಂಟ್ ಆಗಬೇಕು. ತಮ್ಮನಿಗೆ 35 ಆಗಿಲ್ಲ, ಅದಕ್ಕೆ 2. ಡಿಪ್ಲೊಮಾ ಆದ ಮೇಲೆ ಅದೇ ಕೆಲಸದಲ್ಲಿ ಎರಡು ವರ್ಷ ದಾಟಿದೆ, ಅದಕ್ಕೆ 2. ಒಟ್ಟು 4. ಉಳಿದ ಎರಡು ಎಲ್ಲಿಂದ? ಜರ್ಮನ್ ಭಾಷೆಯ ಮೂರನೇ ಹಂತದ ಬಿ1 ಪರೀಕ್ಷೆ ಪಾಸಾದರೆ ಸರಿಯಾಗಿ 2. ಯಾವುದನ್ನು ಬೇಡ ಅಂದಿದ್ದಾರೋ ಅದೇ ಇವನಿಗೆ ಕಮ್ಮಿ ಇರುವುದು! ಡಿಪ್ಲೊಮಾ ನಡೆಯುತ್ತದೆ ಅಂತ ಇಲ್ಲಿನವರಿಂದ ಪತ್ರ ತರಿಸುವುದು ಬೇರೆ.

ಅರಸೀಕೆರೆ ಅತ್ತೆ: ನೀನು ಹೋದೆ. ಮನೆ ಕಟ್ಟಿಸಿದೆ. ನಮ್ಮ ಹುಡುಗ ಹೊರಟಾಗ ಮಾತ್ರ ನೂರು ರೂಲ್ಸ್. ಹತ್ತಿದವರು ಏಣಿ ಎಳೆದುಕೊಂಡ ಹಾಗೆ.

ಬೇಲೂರು ಚಿಕ್ಕಪ್ಪ: ಅದು ನಿಜ.

ಸಕಲೇಶಪುರ ದೊಡ್ಡಪ್ಪ: ನನ್ನ ಮಗಳಿಗೆ ಹಾಗೆಲ್ಲ ಅನ್ನಬೇಡಿ.

(ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅಕ್ಕ ಟೈಪ್ ಮಾಡುತ್ತಿದ್ದಾಳೆ ಅಂತ ಬರುತ್ತಲೇ ಇತ್ತು. ನನಗೂ ಅತ್ತೆಯ ಮಾತು ಜಾಸ್ತಿ ಆಯಿತು ಅನಿಸಿತು.)

ಸ್ಟುಟ್‌ಗಾರ್ಟ್ ಅಕ್ಕ: ಅತ್ತೆ, ನಾನು ಬಿಎಸ್ಸಿ ನರ್ಸಿಂಗ್ ಮಾಡಿ ಹಾಸನದಲ್ಲಿ ಐಸಿಯು ನೋಡಿಕೊಂಡಿದ್ದವಳು. ಇಲ್ಲಿಗೆ ಬಂದ ಮೇಲೆ ನನ್ನ ಓದನ್ನು ಇವರು ಒಪ್ಪುವವರೆಗೂ ಸಹಾಯಕಿ. ಬೆನ್ನು ಒರೆಸುವುದು, ಹಾಸಿಗೆ ಬದಲಾಯಿಸುವುದು. ಸಂಬಳವೂ ಅಷ್ಟೇ. ಬಿ1 ಇಟ್ಟುಕೊಂಡು ಬಂದಿದ್ದೆ. ನರ್ಸ್ ಲೈಸೆನ್ಸ್‌ಗೆ ಅದರ ಮುಂದಿನ ಹಂತ ಬಿ2 ಬೇಕಿತ್ತು. ಮೊದಲ ಸಲ ಫೇಲ್. ಪುಸ್ತಕದ ಜರ್ಮನ್ ಬಂದರೂ ವಾರ್ಡಿನಲ್ಲಿ ಅಜ್ಜಂದಿರು ಮಾತಾಡುವುದು ಸ್ವಾಬಿಯನ್, ಈ ಕಡೆಯ ಆಡುಮಾತು. ಎಲ್ಲಿ ನೋವು ಅಂತ ಹೇಳಿದರೆ ನನಗೆ ತಿಳಿಯುತ್ತಿರಲಿಲ್ಲ. ಒಬ್ಬರು ಬೇರೆ ನರ್ಸ್ ಕಳಿಸಿ ಅಂದರು. ಅವತ್ತು ಅಪ್ಪನಿಗೆ ಫೋನ್ ಮಾಡಿ ಊಟ ಆಯಿತಾ ಅಂತ ಕೇಳಿ ಇಟ್ಟೆ. ಏಜೆಂಟರಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಭಾಷೆಯ ಕ್ಲಾಸಿಗೆ ನಾನು ಕಟ್ಟಿದೆ, ಉಳಿದದ್ದು ಆಸ್ಪತ್ರೆಯವರು ಕೊಟ್ಟರು. ಸಂಬಳದಲ್ಲಿ ತೆರಿಗೆ, ವಿಮೆ, ಪಿಂಚಣಿ ಅಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಮೊದಲೇ ಹೋಗುತ್ತದೆ. ಅವನು ಬರಬಾರದು ಅಂತ ನಾನು ಎಲ್ಲಿ ಹೇಳಿದೆ?

ಅರಸೀಕೆರೆ ಅತ್ತೆ: ಇದನ್ನೆಲ್ಲ ನೀನು ಯಾವತ್ತೂ ಹೇಳಿರಲಿಲ್ಲ.

ಸ್ಟುಟ್‌ಗಾರ್ಟ್ ಅಕ್ಕ: ಹಿಮದ ಫೋಟೋ ಹಾಕಿದರೆ ನೀವೆಲ್ಲ ಹಾರ್ಟ್ ಒತ್ತುತ್ತಿದ್ದಿರಿ. ಅದೇ ಸಾಕಾಗಿತ್ತು.

ಪೀಣ್ಯದ ತಮ್ಮ: ಶಿಫ್ಟ್‌ನಲ್ಲಿ ಇದ್ದೆ. ಈಗ ಎಲ್ಲ ಓದಿದೆ. ಅಮ್ಮ, ಈ ಪೋಸ್ಟರ್ ಸುಳ್ಳು ಅಂತ ಹೋದ ವಾರವೇ ಹೇಳಿದ್ದೆ.

ಅರಸೀಕೆರೆ ಅತ್ತೆ: ಗುಂಪಿಗೆ ಹಾಕಿದರೆ ನಿಮ್ಮಪ್ಪ ನೋಡುತ್ತಾರೆ ಅಂತ ಹಾಕಿದೆ. ಮನೆಯಲ್ಲಿ ಹೇಳಿದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ.

ಪೀಣ್ಯದ ತಮ್ಮ: ಅಕ್ಕ, ನಾನು ಆನ್‌ಲೈನ್‌ನಲ್ಲಿ ಬಿ1ಗೆ ಮುಂಚಿನ ಎ2 ಮುಗಿಸುತ್ತಿದ್ದೇನೆ. ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯುತ್ತೇನೆ. ಕಾರ್ಡ್‌ಗೆ 13 ಲಕ್ಷ ಹುಟ್ಟುವುದಿಲ್ಲ. ಔಸ್‌ಬಿಲ್ಡುಂಗ್ ನೋಡುತ್ತಿದ್ದೇನೆ.

ಬೇಲೂರು ಚಿಕ್ಕಪ್ಪ: ಅದೇನದು?

ಸ್ಟುಟ್‌ಗಾರ್ಟ್ ಅಕ್ಕ: ಕಂಪನಿಯಲ್ಲಿ ಕೆಲಸ ಕಲಿಯುತ್ತಾ ಶಾಲೆಗೂ ಹೋಗುವುದು. ಮೂರು ವರ್ಷದ ಹತ್ತಿರ. ಪ್ರತಿ ತಿಂಗಳು ದುಡ್ಡು ಕೊಡುತ್ತಾರೆ, ಆದರೆ ಕಮ್ಮಿ. ಡಿಪ್ಲೊಮಾ ಆಗಿದೆ, ಕೆಲಸವೂ ಮಾಡಿದ್ದೀಯ, ಈಗ ಮತ್ತೆ ಹದಿನೆಂಟರ ಹುಡುಗರ ಜೊತೆ ಕೂರಬೇಕು. ಆಗುತ್ತಾ ನಿನಗೆ? ಅದಕ್ಕೂ ಬಿ1 ಮುಗಿಸಿಕೊಂಡೇ ಅರ್ಜಿ ಹಾಕು.

ಪೀಣ್ಯದ ತಮ್ಮ: ಇಲ್ಲಿ ಮೂರು ವರ್ಷದಿಂದ ಕಾಂಟ್ರಾಕ್ಟ್ ಮೇಲೇ ಇದ್ದೇನೆ ಅಕ್ಕ. ಯಾರ ಜೊತೆ ಬೇಕಾದರೂ ಕೂರುತ್ತೇನೆ.

ಅರಸೀಕೆರೆ ಮಾವ: ನಾಲ್ಕು ಎಕರೆ ತೆಂಗಿಗೆ ಯಾರು ದಿಕ್ಕು ಅಂತಲೂ ಗುಂಪಿನಲ್ಲೇ ತೀರ್ಮಾನ ಮಾಡಿ.

(ಮಾವ ಈ ಗುಂಪಿನಲ್ಲಿ ಬರೆದದ್ದು ನನಗೆ ನೆನಪೇ ಇಲ್ಲ. ಅವರ ಹೆಸರು ನೋಡಿ ಎಲ್ಲರೂ ಗಪ್‌ಚುಪ್.)

ಪೀಣ್ಯದ ತಮ್ಮ: ಅಪ್ಪ, ಕೊಬ್ಬರಿ ರೇಟು ಬಿದ್ದ ವರ್ಷ ನೀವೇ ಅಲ್ವಾ ಪೇಟೆ ಸೇರಿಕೋ ಅಂದಿದ್ದು?

ಅರಸೀಕೆರೆ ಮಾವ: ಪೇಟೆ ಅಂದೆ. ಬೆಂಗಳೂರು ಅಂದೆ.

ಅರಸೀಕೆರೆ ಮಾವ: ಶನಿವಾರ ಬಾ. ಕಾಯಿ ಇಳಿಸುವವರು ಬರುತ್ತಾರೆ. ಆ ಶಾಲೆ, ದುಡ್ಡು, ವರ್ಷ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಾ. ಫೋನಿನಲ್ಲಿ ತೋರಿಸಬೇಡ, ಕಣ್ಣು ಹಿಡಿಯುವುದಿಲ್ಲ.

ಪೀಣ್ಯದ ತಮ್ಮ: ಶನಿವಾರ ಸೆಕೆಂಡ್ ಶಿಫ್ಟ್ ಇದೆ ಅಪ್ಪ. ಭಾನುವಾರ ಬೆಳಗ್ಗೆ ಬರುತ್ತೇನೆ.

ಅರಸೀಕೆರೆ ಮಾವ: ಕಾಯಿ ಶನಿವಾರವೇ ಇಳಿಸುವುದು.