ಓವರಿಯಲ್ಲಿ 6.5 ಸೆಂಟಿಮೀಟರ್ ಗಡ್ಡೆ, ಗಂಡ ರಜೆಯಲ್ಲಿ ಬರುತ್ತಿದ್ದಾರೆ – ಮೊದಲು ಆಪರೇಷನ್ನೇ, ಮಗುವೇ?

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಮದುವೆಯಾಗಿ ಮೂರು ವರ್ಷ. ಗಂಡ ಶಾರ್ಜಾದಲ್ಲಿ ಕೆಲಸದಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಇನ್ನೂ ಮಗು ಆಗಿಲ್ಲ.

ಮುಟ್ಟಿನ ಹೊಟ್ಟೆನೋವು ನನಗೆ ಮೊದಲಿನಿಂದಲೂ ಇತ್ತು. ಕಾಲೇಜಿಗೆ ಹೋಗುವಾಗ ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ತಲೆ ತಿರುಗಿ ಕೂತದ್ದೂ ಇದೆ. ಎಲ್ಲರಿಗೂ ಆಗುವುದೇ ಅಲ್ವಾ ಅಂತ ಅಮ್ಮ ಹೇಳುತ್ತಿದ್ದರು, ಜೀರಿಗೆ ಕಷಾಯ ಕುಡಿದು ಮಲಗುತ್ತಿದ್ದೆ. ಈ ವರ್ಷ ಮುಟ್ಟು ನಿಂತ ಮೇಲೂ ನೋವು ಎರಡು ಮೂರು ದಿನ ಉಳಿಯತೊಡಗಿತು. ಸ್ಕ್ಯಾನ್ ಮಾಡಿಸಿದೆ. ಎಡ ಓವರಿಯಲ್ಲಿ, ಅಂದರೆ ಅಂಡಾಶಯದಲ್ಲಿ, 6.5 ಸೆಂಟಿಮೀಟರ್ ಗಡ್ಡೆ ಇದೆಯಂತೆ. ರಿಪೋರ್ಟಿನಲ್ಲಿ ಎಂಡೋಮೆಟ್ರಿಯೋಮಾ ಅಂತ ಬರೆದಿದ್ದಾರೆ. ಓವರಿ ಕ್ಯಾನ್ಸರಿನ ಸಂಶಯಕ್ಕೆ ನೋಡುವ ಸಿಎ-125 ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. 62 ಬಂತು. 35ರ ಒಳಗಿರಬೇಕಂತೆ. ಅದನ್ನು ಓದಿದ ಮೇಲೆ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ.

ಕಾಸರಗೋಡಿನ ಡಾಕ್ಟ್ರು ಬೇಗ ತೆಗೆಸಿಬಿಡಿ ಅಂದರು. ಮಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆ, ಅವರು ಈಗಲೇ ಕತ್ತಿ ಹಾಕಬೇಡಿ, ಮೊದಲು ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಬಗ್ಗೆ ಯೋಚಿಸಿ ಅಂದರು. ಅತ್ತೆ ಒಳ್ಳೆಯವರೇ, ನನ್ನನ್ನು ಒಂದು ಮಾತು ಅಂದವರಲ್ಲ. ಆದರೆ ಗರ್ಭಕೋಶಕ್ಕೆ ಕೈ ಹಾಕಿದರೆ ಮತ್ತೆ ಮಗು ಹೇಗೆ ಅಂತ ದಿನಾ ಅಳುತ್ತಾರೆ.

ಇವರು ಬರುವ ತಿಂಗಳು 45 ದಿನದ ರಜೆಯಲ್ಲಿ ಬರುತ್ತಿದ್ದಾರೆ. ಆ 45 ದಿನವನ್ನು ಆಪರೇಷನ್ನಿಗೆ ಕೊಡಲಾ, ಮಗುವಿಗೆ ಕೊಡಲಾ? ಆಪರೇಷನ್ ಆಗಿ ಆಮೇಲೆ ಮಗು ಆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಆಗದವರಿದ್ದರೂ ಹೇಳಿ, ನನಗೆ ನಿಜ ಗೊತ್ತಾಗಬೇಕು.

---

ಮುಳ್ಳೇರಿಯ ಅಕ್ಕ:

ತಂಗೀ, ಮೊದಲು ಸ್ವಲ್ಪ ಉಸಿರು ಬಿಡು. ನನಗೂ ಆಗಿದೆ, 8 ಸೆಂಟಿಮೀಟರ್ ಇತ್ತು. ಆದರೆ ನನ್ನದು ಬೇರೆ ಜಾತಿಯ ಗಡ್ಡೆ, ಡರ್ಮಾಯ್ಡ್ ಅಂತಾರೆ. ತೆಗೆದ ಮೇಲೆ ನನ್ನ ಗಂಡನನ್ನು ಥಿಯೇಟರ್ ಬಾಗಿಲಿಗೆ ಕರೆದು ಸ್ಟೀಲ್ ತಟ್ಟೆಯಲ್ಲಿ ತೋರಿಸಿದ್ದರಂತೆ. ಬೆಣ್ಣೆಯ ಹಾಗೆ ಏನೋ, ಅದರೊಳಗೆ ಉದ್ದ ಉದ್ದ ಕೂದಲು. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದು ಹುಟ್ಟುವಾಗಲೇ ಇರುವ ಕೋಶದಿಂದ ಬೆಳೆಯುವ ಗಡ್ಡೆ, ಕೂದಲು, ಕೊಬ್ಬು, ಕೆಲವರಲ್ಲಿ ಹಲ್ಲು ಕೂಡ ಇರುತ್ತದೆ, ಹೆದರಬೇಡಿ ಅಂತ ಡಾಕ್ಟ್ರು ಆಮೇಲೆ ಹೇಳಿದರು.

ನಾನು ನಿನಗೆ ಹೇಳಬೇಕಾದದ್ದು ಸಹಿ ಹಾಕುವ ಪೇಪರಿನ ವಿಷಯ. ನಾನು ಕನ್ನಡ ಮೀಡಿಯಂ. ಮಲಯಾಳ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತೇನೆ. ಆಪರೇಷನ್ನಿನ ಹಿಂದಿನ ರಾತ್ರಿ ಒಪ್ಪಿಗೆ ಪೇಪರ್ ತಂದರು, ಪೂರ್ತಿ ಮಲಯಾಳ. ಇಲ್ಲಿ ಸಹಿ ಹಾಕಿ ಅಂತ ಬೆರಳು ತೋರಿಸಿದರು. ಪಕ್ಕದ ಮಂಚದ ಹೆಂಗಸಿನ ಮಗಳ ಹತ್ತಿರ ಓದಿಸಿದೆ. ಅದರಲ್ಲಿ ಒಂದು ಸಾಲು, ಬೇಕಾಗಿ ಬಂದರೆ ಓವರಿಯನ್ನೂ ತೆಗೆಯಲು ಒಪ್ಪಿಗೆ ಇದೆ ಅಂತ! ನಾನು ಸಹಿ ಹಾಕಲಿಲ್ಲ. ಡಾಕ್ಟ್ರನ್ನು ಕರೆಸಿ ಅಂದೆ. ಅವರು ಬೈಯಲಿಲ್ಲ, ಮಂಚದ ಅಂಚಿನಲ್ಲಿ ಕೂತು ವಿವರಿಸಿದರು. ರಕ್ತ ನಿಲ್ಲದಿದ್ದರೆ ಮಾತ್ರ ಓವರಿ ತೆಗೆಯಬೇಕಾಗುತ್ತದೆ, ಇಲ್ಲದಿದ್ದರೆ ಗಡ್ಡೆ ಮಾತ್ರ ಅಂತ ಹೇಳಿ ಅದನ್ನೇ ಪೇಪರಿನ ಬದಿಯಲ್ಲಿ ಪೆನ್ನಿನಲ್ಲಿ ಬರೆದರು. ಆಮೇಲೆ ಸಹಿ ಹಾಕಿದೆ. ನೀನೂ ಅರ್ಥವಾಗದ ಪೇಪರಿಗೆ ಸಹಿ ಹಾಕಬೇಡ. ಓದಿ ಹೇಳಿ ಅಂತ ಕೇಳು, ನಾಚಿಕೆ ಬೇಡ.

ಹದಿನಾಲ್ಕು ತಿಂಗಳು ಕಳೆದು ಮಗಳು ಹುಟ್ಟಿದಳು. ಈಗ ಎಲ್‌ಕೆಜಿ.

---

ಸಿಸ್ಟರ್ ಮಂಜೇಶ್ವರ:

ನಾನು ಮಂಗಳೂರಿನಲ್ಲಿ ಸ್ತ್ರೀರೋಗ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಡಾಕ್ಟರ್ ಅಲ್ಲ, ಹಾಗಾಗಿ ಹೀಗೆ ಮಾಡಿ ಅಂತ ಹೇಳುವುದಿಲ್ಲ. ಆದರೆ ಏನು ಕೇಳಬೇಕು ಅಂತ ಹೇಳಬಲ್ಲೆ.

ಗಡ್ಡೆ ಅಂದರೆ ಎಲ್ಲ ಒಂದೇ ಅಲ್ಲ. ಪ್ರತಿ ತಿಂಗಳು ಮೊಟ್ಟೆ ಬೆಳೆಯುವಾಗ ಬರುವ ನೀರಿನ ಗುಳ್ಳೆ ಹೆಚ್ಚಾಗಿ ಎರಡು ಮೂರು ಮುಟ್ಟಿನೊಳಗೆ ತಾನಾಗಿ ಹೋಗುತ್ತದೆ. ಡರ್ಮಾಯ್ಡ್ ತಾನಾಗಿ ಹೋಗುವುದಿಲ್ಲ. ನಿಮ್ಮದು ಮೂರನೆಯ ಜಾತಿ. ಗರ್ಭಕೋಶದ ಒಳಪದರದಂಥ ಅಂಶ ಓವರಿಯಲ್ಲಿ ಕೂತು ತಿಂಗಳು ತಿಂಗಳು ರಕ್ತ ಸುರಿಸುತ್ತದೆ. ಆ ರಕ್ತ ಹೊರಗೆ ಹೋಗಲು ದಾರಿಯಿಲ್ಲ, ಒಳಗೇ ಹಳತಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಚಾಕ್ಲೇಟ್ ಸಿಸ್ಟ್ ಅಂತಾರೆ. ಅತ್ತೆಯವರಿಗೆ ಹೇಳಿ, ಗಡ್ಡೆ ಇರುವುದು ಓವರಿಯಲ್ಲಿ, ಈ ಆಪರೇಷನ್ನಿನಲ್ಲಿ ಗರ್ಭಕೋಶ ತೆಗೆಯುವುದಿಲ್ಲ.

62ಕ್ಕೆ ಅಷ್ಟು ಹೆದರಬೇಡಿ. ಈ ಕಾಯಿಲೆಯಲ್ಲಿ ಸಿಎ-125 ಏರುತ್ತದೆ. ಮುಟ್ಟಿನ ದಿನ ರಕ್ತ ಕೊಟ್ಟರೂ ಏರುತ್ತದೆ. ಆ ಒಂದು ಅಂಕೆಯಿಂದ ಕ್ಯಾನ್ಸರ್ ಅಂತ ಯಾರೂ ಹೇಳಲಾಗುವುದಿಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಹೇಗೆ ಕಾಣುತ್ತದೆ ಅನ್ನುವುದು ಮುಖ್ಯ. ತೆಗೆದರೆ ಅದನ್ನು ಹೇಗೂ ಬಯಾಪ್ಸಿಗೆ ಕಳಿಸುತ್ತಾರೆ, ಆ ರಿಪೋರ್ಟನ್ನು ತಪ್ಪದೆ ತೆಗೆದುಕೊಳ್ಳಿ.

ಈಗ ಇಬ್ಬರು ಡಾಕ್ಟ್ರು ಎರಡು ಮಾತು ಹೇಳಿದ್ದು ಯಾಕೆ ಅಂತ. ಇಬ್ಬರದೂ ತಪ್ಪಲ್ಲ. ಚಾಕ್ಲೇಟ್ ಸಿಸ್ಟಿನ ಗೋಡೆ ಓವರಿಗೆ ಅಂಟಿಕೊಂಡಿರುತ್ತದೆ. ಸುಲಿದು ತೆಗೆಯುವಾಗ ಅದರ ಜೊತೆ ಒಂದಿಷ್ಟು ಒಳ್ಳೆಯ ಮೊಟ್ಟೆಗಳೂ ಹೋಗುತ್ತವೆ. ಎಷ್ಟು ಹೋಗುತ್ತದೆ ಅನ್ನುವುದು ಮಾಡುವವರ ಕೈಯ ಮೇಲೂ ಇದೆ. ಸುಮ್ನೆ ಸೂಜಿ ಹಾಕಿ ಎಳೆದುಬಿಡೋಣ ಅಂದರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಇನ್ನೊಂದು ಕಡೆ, ತೆಗೆದ ಮೇಲೆ ನೋವು ಕಡಿಮೆಯಾಗಿ ಸಹಜವಾಗಿ ಗರ್ಭ ನಿಂತವರನ್ನು ನಾನೇ ಎಷ್ಟೋ ಜನ ನೋಡಿದ್ದೇನೆ. ಐವಿಎಫ್‌ಗೆ ಹೋಗುವವರಿಗೆ ಮಗು ಆಗುವ ಅವಕಾಶ ಹೆಚ್ಚಿಸಲೆಂದೇ ಎಲ್ಲರಿಗೂ ಮೊದಲು ಆಪರೇಷನ್ ಮಾಡುವುದು ಬೇಡ ಅಂತ ಯುರೋಪಿನ ಬಂಜೆತನ ಚಿಕಿತ್ಸೆಯ ತಜ್ಞರ ಎಶ್ರೆ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲೂ ಇದೆ. ನೋವು ಜಾಸ್ತಿ ಇದ್ದರೆ, ಅಥವಾ ಗಡ್ಡೆ ಅಡ್ಡ ಇದ್ದು ಮೊಟ್ಟೆ ತೆಗೆಯಲು ಸೂಜಿ ತಲುಪದಿದ್ದರೆ ಮಾತು ಬೇರೆ.

ಹಾಗಾಗಿ ಯಾವುದಕ್ಕೂ ಮೊದಲು ಎಎಂಎಚ್ ರಕ್ತ ಪರೀಕ್ಷೆ ಮಾಡಿಸಿ. ತಿಂಗಳ ಯಾವ ದಿನವಾದರೂ ಆಗುತ್ತದೆ. ಓವರಿಯಲ್ಲಿ ಎಷ್ಟು ಮೊಟ್ಟೆ ಉಳಿದಿದೆ ಅನ್ನುವ ಅಂದಾಜು ಅದರಲ್ಲಿ ಸಿಗುತ್ತದೆ, ಮೊಟ್ಟೆ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಬಲ ಓವರಿ ಹೇಗಿದೆ ಅಂತಲೂ ಕೇಳಿ. ಒಂದು ಓವರಿ ಇದ್ದರೂ ಗರ್ಭ ನಿಲ್ಲುತ್ತದೆ.

ಡೈನೋಜೆಸ್ಟ್ ಅಂತ ಮಾತ್ರೆ ಬರೆದಿದ್ದರೆ ಒಂದು ಮಾತು. ಅದು ನೋವಿಗೆ ಒಳ್ಳೆಯದು. ಆದರೆ ಅದನ್ನು ತಿನ್ನುತ್ತಿರುವಾಗ ಮಗುವಿಗೆ ಪ್ರಯತ್ನ ಮಾಡುವುದಿಲ್ಲ. ಇದು ಗೊತ್ತಿಲ್ಲದೆ ಆರು ತಿಂಗಳು ಮಾತ್ರೆ ತಿಂದು, ಯಾಕೆ ಆಗಲಿಲ್ಲ ಅಂತ ಬಂದು ಅತ್ತವರಿದ್ದಾರೆ.

ಇನ್ನೊಂದು, ಇದು ಎಲ್ಲರಿಗೂ. ಗಡ್ಡೆ ಇರುವವರಿಗೆ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು ವಾಂತಿಯಾದರೆ ಓವರಿ ತಿರುಚಿಕೊಂಡಿರಬಹುದು. ಆಗ ಮಂಗಳೂರಾ ಕಾಸರಗೋಡಾ ಅಂತ ಕೂತು ಯೋಚಿಸಬೇಡಿ. ಆಪರೇಷನ್ ಥಿಯೇಟರ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ತಡವಾದಷ್ಟೂ ಓವರಿ ಉಳಿಯುವುದು ಕಷ್ಟ.

---

ನೀರ್ಚಾಲು:

ಆಗದವರಿದ್ದರೂ ಹೇಳಿ ಅಂತ ಕೇಳಿದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನದೂ ಚಾಕ್ಲೇಟ್ ಸಿಸ್ಟ್. 2017ರಲ್ಲಿ ಮೊದಲ ಆಪರೇಷನ್, ಆಗ ನನಗೆ 28. ಎರಡು ಬದಿಯಲ್ಲೂ ತೆಗೆದರು. ಎಎಂಎಚ್ ಅನ್ನುವ ಪರೀಕ್ಷೆಯೊಂದಿದೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಸ್ಪತ್ರೆಯ ಹೆಸರು ಬೇಡ. ಒಂದು ವರ್ಷ ನೋವಿಲ್ಲದೆ ಆರಾಮಾಗಿದ್ದೆ. ಆಮೇಲೆ ಮತ್ತೆ ಬಂತು. 2020ರ ಜನವರಿಯಲ್ಲಿ ಎರಡನೆಯದು, ಈ ಸಲ ಮಂಗಳೂರಿನಲ್ಲಿ. ಮಾರ್ಚಿನಲ್ಲಿ ಚೆಕಪ್ಪಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದರು. ಆ ದಿನಗಳು ನಮ್ಮ ಕಡೆಯವರಿಗೆ ಯಾರಿಗೂ ಮರೆಯುವುದಿಲ್ಲ, ಆಂಬುಲೆನ್ಸ್ ಕೂಡ ಬಿಡದೆ ಹೋದ ದಿನಗಳು. ನನ್ನದು ಜೀವ ಹೋಗುವ ಕಾಯಿಲೆ ಅಲ್ಲ, ಆದರೆ ಆಪರೇಷನ್ ಆದ ಮೇಲಿನ ಒಳ್ಳೆಯ ತಿಂಗಳುಗಳು ಹಾಗೇ ಹೋದವು. ಕೊನೆಗೆ ಎಎಂಎಚ್ ಮಾಡಿಸಿದಾಗ 0.5, ತುಂಬಾ ಕಡಿಮೆ.

ಐವಿಎಫ್ ಎರಡು ಸಲ ಆಯ್ತು, ನಿಲ್ಲಲಿಲ್ಲ. ಈಗ ಒಂದು ಭ್ರೂಣ ಫ್ರೀಜ್ ಮಾಡಿ ಇಟ್ಟಿದ್ದಾರೆ, ಅಡಿಕೆ ಕೊಯ್ಲು ಮುಗಿದ ಮೇಲೆ ಹಾಕಿಸುವುದು ಅಂತ ಇದ್ದೇವೆ.

ಆಪರೇಷನ್ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ನೋವಿಗೆ ಅದು ಬೇಕೇ ಇತ್ತು. ಆದರೆ ಮೊದಲ ಸಲವೇ ಚೆನ್ನಾಗಿ ಮಾಡುವವರ ಹತ್ತಿರ ಮಾಡಿಸಿ. ಮಗು ಬೇಕು ಅನ್ನುವುದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಎರಡನೆಯ ಸಲ ಬರಬಾರದು.

---

ಕುಂಬಳೆಯವ:

ಗಂಡಸಾಗಿ ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ತಪ್ಪಾದರೆ ಕ್ಷಮಿಸಿ. ನಾನೂ ಒಂಬತ್ತು ವರ್ಷ ಗಲ್ಫ್‌ನಲ್ಲಿದ್ದವ.

ಅಕ್ಕ, ಮೂರು ವರ್ಷ ಮಗು ಆಗಿಲ್ಲ ಅಂತ ಬರೆದಿದ್ದೀರಿ. ವರ್ಷಕ್ಕೊಂದು ರಜೆ ಅಂದರೆ ನೀವಿಬ್ಬರು ಒಟ್ಟಿಗೆ ಇದ್ದದ್ದು ಮೂರು ನಾಲ್ಕು ತಿಂಗಳು ಮಾತ್ರ. ಒಂದು ವರ್ಷ ಒಟ್ಟಿಗಿದ್ದೂ ಆಗದಿದ್ದರೆ ಪರೀಕ್ಷೆ ಮಾಡಿಸುವುದು ಅಂತ ಲೆಕ್ಕ. ನಿಮ್ಮದು ಅಷ್ಟಾಗಿಯೇ ಇಲ್ಲ! ನಮಗೂ ಎಲ್ಲರೂ ಐದು ವರ್ಷ ಆಯ್ತು ಅಂತಲೇ ಹೇಳುತ್ತಿದ್ದರು. ಒಬ್ಬರು ಡಾಕ್ಟ್ರು ಪಾಸ್‌ಪೋರ್ಟ್ ತೆಗೆಸಿ ಸೀಲ್ ನೋಡಿ ದಿನ ಎಣಿಸಿದ ಮೇಲೆ ನಮಗೇ ಗೊತ್ತಾಯಿತು.

ಮತ್ತೆ, ನಿಮ್ಮ ಗಂಡನ ಪರೀಕ್ಷೆ ಆಗಿದೆಯಾ? ವೀರ್ಯ ಪರೀಕ್ಷೆಗೆ ಎರಡರಿಂದ ಏಳು ದಿನದ ಅಂತರ ಇದ್ದರೆ ಸಾಕು, ಬೇರೆ ಏನೂ ಕಷ್ಟ ಇಲ್ಲ. ಬಂದ ವಾರವೇ ಮಾಡಿಸಿ. ಹೋಗುವ ಮೊದಲು ಸ್ಯಾಂಪಲ್ ಫ್ರೀಜ್ ಮಾಡಿಸಿಡುವ ವ್ಯವಸ್ಥೆಯೂ ಇದೆ. ನಾನು ನಾಚಿಕೆಯಲ್ಲಿ ಎರಡು ರಜೆ ಕಳೆದೆ. ಅಷ್ಟೂ ದಿನ ನನ್ನ ಹೆಂಡತಿ ಒಬ್ಬಳೇ ಸೂಜಿ ಚುಚ್ಚಿಸಿಕೊಂಡಳು.

---

ಪೆರ್ಲದವಳು:

ಎಲ್ಲರಿಗೂ ಉತ್ತರ ಕೊಡಲು ಮೂರು ವಾರ ಆಯ್ತು, ಕ್ಷಮಿಸಿ. ನೀರ್ಚಾಲಿನ ಅಕ್ಕ, ನಿಮ್ಮದನ್ನು ಓದಿ ತುಂಬಾ ಹೊತ್ತು ಕೂತಿದ್ದೆ. ಬರೆದದ್ದಕ್ಕೆ ಎಷ್ಟು ಹೇಳಿದರೂ ಸಾಲದು. ಅಡಿಕೆ ಕೊಯ್ಲು ಮುಗಿದ ಮೇಲೆ ನಿಮ್ಮಿಂದ ಒಳ್ಳೆಯ ಸುದ್ದಿ ಬರಲಿ ಅಂತ ದಿನಾ ನೆನೆಸುತ್ತೇನೆ.

ಎಎಂಎಚ್ ಮಾಡಿಸಿದೆ, 2.1 ಬಂತು. ಬಲ ಓವರಿಯಲ್ಲಿ ಏನೂ ಇಲ್ಲ. ಇಂಥ ಆಪರೇಷನ್ನುಗಳನ್ನೇ ಜಾಸ್ತಿ ಮಾಡುವ ಡಾಕ್ಟ್ರೊಬ್ಬರನ್ನು ಮಂಗಳೂರಿನಲ್ಲಿ ಹುಡುಕಿ ಹೋದೆವು, ಅತ್ತೆಯನ್ನೂ ಕರೆದುಕೊಂಡು. ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಇವರು ಊರಲ್ಲಿದ್ದ ದಿನಗಳನ್ನೂ ಎಣಿಸಿ ಬರೆದಿದ್ದೆ, 128 ದಿನ. ಡಾಕ್ಟ್ರು ಆ ಅಂಕೆಯನ್ನು ಎರಡು ಸಲ ನೋಡಿದರು. ಹಾಗಾದರೆ ಐವಿಎಫ್ ಮಾತು ಈಗಲೇ ಬೇಡ ಅಂದರು. ನೋವು ಇಷ್ಟು ಇರುವುದರಿಂದ ಗಡ್ಡೆ ತೆಗೆಯೋಣ, ಆದರೆ ಗಂಡ ಬರುವ ಮೊದಲೇ. ಅವರ ರಜೆ ಒಂದು ತಿಂಗಳು ಮುಂದೆ ಹೋಗಲಿ, ಅಷ್ಟರಲ್ಲಿ ನೀವು ಚೇತರಿಸಿಕೊಳ್ಳುತ್ತೀರಿ, ಆಮೇಲಿನ ತಿಂಗಳುಗಳು ಮಗುವಿಗೆ ಒಳ್ಳೆಯವು ಅಂದರು. ಇವರು ಕಂಪೆನಿಯಲ್ಲಿ ಕೇಳಿದರು, ಒಪ್ಪಿದ್ದಾರೆ. ಟಿಕೆಟ್ ಬದಲಾಯಿಸಿಯೂ ಆಯ್ತು. ಕುಂಬಳೆಯ ಅಣ್ಣ, ಬಂದ ವಾರವೇ ಪರೀಕ್ಷೆ ಮಾಡಿಸುತ್ತೇನೆ ಅಂತ ಅವರೇ ಹೇಳಿದರು, ನಾನು ಬಾಯಿ ತೆರೆಯುವ ಮೊದಲೇ. ಫೋಲಿಕ್ ಆಸಿಡ್ ಮಾತ್ರೆ ಈಗಿನಿಂದಲೇ ಶುರು ಮಾಡಲು ಹೇಳಿದ್ದಾರೆ.

ಕೇರಳ ಸರ್ಕಾರದ ಆರೋಗ್ಯ ವಿಮೆಯ ಕಾಸ್ಪ್ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ ಅಂತ ಕೌಂಟರಿನಲ್ಲಿ ಹೇಳಿದರು. ಗಡಿ ಆಚೆ ಹೋಗುವವರು ಮೊದಲೇ ಕೇಳಿಕೊಳ್ಳಿ. ಕೂಡಿಟ್ಟದ್ದರಲ್ಲಿ ಸ್ವಲ್ಪ, ಅಪ್ಪ ಸ್ವಲ್ಪ ಕೊಡುತ್ತಾರೆ.

ಡಾಕ್ಟ್ರು ಚೀಟಿಯ ಹಿಂದೆ ಚಿತ್ರ ಬಿಡಿಸಿದರು. ನಡುವೆ ತಲೆಕೆಳಗಾದ ಪೇರಳೆಯ ಹಾಗೆ ಗರ್ಭಕೋಶ, ಎರಡು ಬದಿಗೆ ಎರಡು ಓವರಿ, ಎಡದ್ದರ ಮೇಲೆ ಕಪ್ಪು ಮಾಡಿದ ಗಡ್ಡೆ. ಅತ್ತೆ ಗರ್ಭಕೋಶದ ಮೇಲೆ ಬೆರಳಿಟ್ಟು, ಇದಕ್ಕೆ ಏನೂ ಮಾಡುವುದಿಲ್ಲ ಅಲ್ವಾ ಅಂತ ಕೇಳಿದರು. ಇಲ್ಲ ಅಮ್ಮ ಅಂದರು. ಚೀಟಿ ಈಗ ಅತ್ತೆಯ ಪರ್ಸಿನಲ್ಲಿದೆ. ಆಸ್ಪತ್ರೆಯಲ್ಲಿ ನಿಲ್ಲಲು ಅವರೇ ಬರುತ್ತಾರಂತೆ.

ಸೋಮವಾರ ಅಡ್ಮಿಟ್. ಮುಳ್ಳೇರಿಯ ಅಕ್ಕ, ಒಂದು ಸಣ್ಣ ವಿಷಯ ಕೇಳಲಾ? ಮನೆಗೆ ಬರುವಾಗ ನಮ್ಮ ರಸ್ತೆಯ ಕುಲುಕಾಟ ತಡೆಯಲು ಆಗುತ್ತದಾ?

---

ಮುಳ್ಳೇರಿಯ ಅಕ್ಕ:

ಆಗುತ್ತದೆ ತಂಗೀ. ಒಂದು ಸಣ್ಣ ದಿಂಬು ತೆಗೆದುಕೊಂಡು ಹೋಗು, ಗುಂಡಿ ಬಂದಾಗ ಹೊಟ್ಟೆಗೆ ಒತ್ತಿ ಹಿಡಿದುಕೋ. ಕೆಮ್ಮು ಬಂದಾಗಲೂ ಹಾಗೇ. ಮೊದಲ ಎರಡು ದಿನ ಹೊಟ್ಟೆಗಿಂತ ಭುಜ ನೋಯಬಹುದು, ಸಣ್ಣ ತೂತು ಹಾಕಿ ಮಾಡುವ ಆಪರೇಷನ್ನಿಗೆ ಹೊಟ್ಟೆಯೊಳಗೆ ಗಾಳಿ ತುಂಬಿಸಿರುತ್ತಾರೆ, ಅದರದ್ದು. ನಾನು ಗೊತ್ತಿಲ್ಲದೆ ಹೆದರಿದ್ದೆ. ಮೆಲ್ಲ ಮೆಲ್ಲ ನಡೆದಾಡು, ಕಡಿಮೆಯಾಗುತ್ತದೆ. ಬಸ್ಸು ಹತ್ತಿದ್ದು ನಾನು ಹನ್ನೆರಡನೆಯ ದಿನ, ಹೊಲಿಗೆ ತೋರಿಸಲು ಹೋಗುವಾಗ.

ಸೋಮವಾರ ಸಂಜೆ ಇಲ್ಲಿ ನೋಡುತ್ತಿರುತ್ತೇನೆ. ನಿನಗೆ ಆಗದಿದ್ದರೆ ಯಾರ ಹತ್ತಿರವಾದರೂ ಒಂದು ಸಾಲು ಬರೆಯಿಸು.